ಕುಡಿತ ಬಿಟ್ಟ ಮೇಲೆ ಸಂಜೆ ಏಳಕ್ಕೆ ಏನು ಮಾಡುವುದು?

ದಿನವೂ ಸಂಜೆ 7ರಿಂದ 10.30ರವರೆಗೆ ಕುಡಿಯುತ್ತಿದ್ದವರ ಲೆಕ್ಕ ಹಾಕಿ ನೋಡಿ. ವಾರಕ್ಕೆ 24 ಗಂಟೆ 30 ನಿಮಿಷ. ಬಾಟಲಿ ತರಲು ಹೋಗಿಬರುವ ಹೊತ್ತು, ಮನೆಯವರ ಕಣ್ಣು ತಪ್ಪಿಸಲು ಹೂಡುತ್ತಿದ್ದ ಉಪಾಯಗಳು, ಮರುದಿನ ಬೆಳಿಗ್ಗೆ ತಲೆ ಹಿಡಿದುಕೊಂಡು ಕೂತ ಗಂಟೆಗಳು ಸೇರಿದರೆ 30 ದಾಟುವುದು ಕಷ್ಟವಲ್ಲ. ಬಿಟ್ಟ ದಿನ ಇಷ್ಟೂ ಹೊತ್ತು ಒಟ್ಟಿಗೇ ಖಾಲಿಯಾಗಿ ಎದುರಿಗೆ ಬಂದು ನಿಲ್ಲುತ್ತದೆ. ಬಿಡು ಎಂದು ಹೇಳುವವರು ಬಹಳ ಮಂದಿ. ಬಿಟ್ಟ ಮೇಲೆ ಈ ಹೊತ್ತನ್ನು ಹೇಗೆ ಕಳೆಯಬೇಕೆಂದು ಹೇಳಿಕೊಡುವವರು ಕಡಿಮೆ. ಮತ್ತೆ ಕುಡಿಯಲು ತೊಡಗುವವರಲ್ಲಿ ಹೆಚ್ಚಿನವರು ಮೊದಲ ಕೆಲವು ತಿಂಗಳಲ್ಲೇ ಎಡವುತ್ತಾರೆ. ಹಾಗೆ ಎಡವುವುದು ಸಾಮಾನ್ಯವಾಗಿ ಯಾವ ಏರ್ಪಾಡೂ ಇಲ್ಲದ ಸಂಜೆಯಲ್ಲಿ.

ಕುಡಿತ ಹೊತ್ತು ತಿನ್ನುತ್ತಿತ್ತು, ಜೊತೆಗೆ ಒಂದಷ್ಟು ಕೆಲಸವನ್ನೂ ಮಾಡಿಕೊಡುತ್ತಿತ್ತು. ದುಡಿಮೆ ಮುಗಿಯಿತು ಎಂದು ಮೈಗೆ ತಿಳಿಸುತ್ತಿತ್ತು. ನಿದ್ದೆ ಬರಿಸುತ್ತಿತ್ತು. ನಾಲ್ಕು ಜನರ ನಡುವೆ ನಾಲಿಗೆ ಸಡಿಲಿಸುತ್ತಿತ್ತು. ಮನೆಯಲ್ಲಿ ಆಡಲೇಬೇಕಾದ ಮಾತನ್ನು ಇನ್ನೊಂದು ದಿನಕ್ಕೆ ತಳ್ಳುತ್ತಿತ್ತು. ಈ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಬದಲಿ ಬೇಕು. ವ್ಯಾಯಾಮವೊಂದನ್ನೇ ಅಥವಾ ಧ್ಯಾನವೊಂದನ್ನೇ ಎಲ್ಲದಕ್ಕೂ ನೆಚ್ಚಿಕೊಂಡವರು ಅದು ಕೈಕೊಟ್ಟ ದಿನ ಬರಿಗೈಯಲ್ಲಿ ನಿಲ್ಲುತ್ತಾರೆ. ಒಂದು ಹಾಳೆ ತೆಗೆದುಕೊಂಡು ಎಡಗಡೆ, ಕುಡಿತ ಯಾವ ಹೊತ್ತಿಗೆ ಏನು ಮಾಡಿಕೊಡುತ್ತಿತ್ತು ಎಂದು ಬರೆಯಿರಿ. ಬಲಗಡೆ, ಅದೇ ಹೊತ್ತಿಗೆ ಅದೇ ಕೆಲಸಕ್ಕೆ ಇನ್ನೇನಿದೆ ಎಂದು ಬರೆಯಿರಿ. ಬಲಗಡೆ ಖಾಲಿ ಉಳಿದ ಸಾಲುಗಳಿಂದಲೇ ತೊಂದರೆ ಶುರುವಾಗುತ್ತದೆ.

ಮೊದಲ ವಾರ ಒಬ್ಬರೇ ಇರಬಾರದು

ಮುಂದಿನ ಯಾವ ಮಾತಿಗೂ ಮೊದಲು ಇದೊಂದು ಗೊತ್ತಿರಬೇಕು. ದಿನವೂ ಹೆಚ್ಚು ಕುಡಿಯುತ್ತಿದ್ದವರು, ಬೆಳಗಿನ ಕೈನಡುಕ ನಿಲ್ಲಿಸಲು ಒಂದು ಪೆಗ್ ಹಾಕುತ್ತಿದ್ದವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು ವೈದ್ಯರಿಗೆ ತಿಳಿಸದೆ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಎದೆಬಡಿತ ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ ಬರುತ್ತದೆ. 48ರಿಂದ 96 ಗಂಟೆಗಳ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಬರುತ್ತದೆ: ದಿನ, ಜಾಗ ಗೊತ್ತಾಗುವುದಿಲ್ಲ, ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಜೀವವನ್ನೇ ತೆಗೆಯಬಹುದು. ಆಸ್ಪತ್ರೆಯಲ್ಲಿ ನರಗಳನ್ನು ತಣಿಸುವ ಬೆಂಜೊಡಯಾಜೆಪೀನ್ ಗುಂಪಿನ ಔಷಧಿ ಕೊಟ್ಟು, ಅದನ್ನು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಹೆಚ್ಚಿನವರಿಗೆ 5ರಿಂದ 7 ದಿನದಲ್ಲಿ ಮೈ ತಹಬಂದಿಗೆ ಬರುತ್ತದೆ.

ಇದರ ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಸಿಗಲೇಬೇಕು. ಬಹುಕಾಲ ಕುಡಿದವರಲ್ಲಿ ಅದು ಬರಿದಾಗಿರುತ್ತದೆ. ಊಟ ಕಡಿಮೆಯಾಗಿರುವುದು ಒಂದು ಕಾರಣ, ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳದಿರುವುದು ಇನ್ನೊಂದು. ಇಂಥವರಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸುತ್ತಾ ಹೋದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕುಡಿಯದೆ ಇದ್ದರೂ ತೂರಾಡುವ ನಡಿಗೆ, ನಿಲ್ಲದೆ ಅಲುಗುವ ಕಣ್ಣುಗುಡ್ಡೆ, ಗೊಂದಲದ ಮಾತು ಕಂಡರೆ ಅದು ವೆರ್ನಿಕೆ ಎಂಬ ಮೆದುಳಿನ ಕಾಯಿಲೆಯ ಗುರುತಾಗಿರಬಹುದು. ಮನೆಯವರು ‘ಮತ್ತೆ ಕುಡಿದಿದ್ದಾನೆ’ ಎಂದುಕೊಂಡು ಮಲಗಿಸಿಬಿಡುವುದುಂಟು. ಹಾಗೆ ಕಳೆದುಹೋದ ಒಂದು ರಾತ್ರಿಗೆ ನೆನಪಿನ ಶಕ್ತಿಯನ್ನೇ ಶಾಶ್ವತವಾಗಿ ತೆರಬೇಕಾಗಬಹುದು. ಅನುಮಾನ ಬಂದ ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು.

ಏನೂ ರುಚಿಸದ ತಿಂಗಳುಗಳು

ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಗಳನ್ನು ತಣ್ಣಗಿಡುತ್ತದೆ, ಗ್ಲುಟಮೇಟ್ ಅವನ್ನು ಎಬ್ಬಿಸುತ್ತದೆ. ಮದ್ಯ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮೆದುಳು ಸರಿದೂಗಿಸಿಕೊಳ್ಳಲು ತಾನೇ ತಣಿಸುವ ವ್ಯವಸ್ಥೆಯನ್ನು ಸಡಿಲಿಸಿ, ಎಬ್ಬಿಸುವ ವ್ಯವಸ್ಥೆಯನ್ನು ಬಿಗಿಗೊಳಿಸುತ್ತದೆ. ಮದ್ಯ ಹೋದ ಮೇಲೂ ಆ ಬಿಗಿ ಉಳಿಯುತ್ತದೆ. ನಡುಕ ಒಂದು ವಾರದಲ್ಲಿ ಹೋದರೂ ಸಣ್ಣ ಸದ್ದಿಗೆ ಬೆಚ್ಚುವುದು, ಸಣ್ಣ ಮಾತಿಗೆ ಸಿಡುಕುವುದು, ಕೂತಲ್ಲಿ ಕೂರಲಾಗದಿರುವುದು ತಿಂಗಳುಗಟ್ಟಲೆ ಇರುವುದು ಇದರಿಂದಲೇ.

ಡೋಪಮಿನ್ ಕತೆ ಇನ್ನೊಂದು. ಸಂತೋಷದ ಈ ವ್ಯವಸ್ಥೆಯನ್ನು ಮದ್ಯ ದಿನವೂ ಜೋರಾಗಿ ಬಡಿದೆಬ್ಬಿಸುತ್ತಿದ್ದುದರಿಂದ ಅದು ಮಂದವಾಗಿರುತ್ತದೆ. ಹಾಡು, ಆಟ, ಮಕ್ಕಳ ಮಾತು ಎಲ್ಲವೂ ಸಪ್ಪೆ. ‘ಕುಡಿತ ಬಿಟ್ಟರೆ ಬದುಕು ಹೀಗೇ ಇರುವುದಾದರೆ ಬಿಡುವುದೇಕೆ’ ಎಂಬ ಯೋಚನೆ ಹುಟ್ಟುವುದು ಈ ಹಂತದಲ್ಲಿ. ಇದು ಬದುಕಿನ ಬಗೆಗಿನ ತೀರ್ಮಾನವೆಂದು ನಂಬಬೇಡಿ, ಗಾಯ ಮಾಯುವ ಹೊತ್ತಿನ ಮರಗಟ್ಟುವಿಕೆ ಎಂದು ತಿಳಿಯಿರಿ. ಆದ್ದರಿಂದ ಮೊದಲ ಎರಡು ಮೂರು ತಿಂಗಳು ಹೊಸ ಹವ್ಯಾಸವನ್ನು ‘ಇಷ್ಟವಾಯಿತೇ’ ಎಂದು ಅಳೆಯಬಾರದು. ಹೊತ್ತಿಗೆ ಸರಿಯಾಗಿ ಮಾಡಿದೆನೇ ಎಂದಷ್ಟೇ ನೋಡಬೇಕು. ರುಚಿ ಹಿಂದಿನಿಂದ ಬರುತ್ತದೆ.

ಬೇಸರ, ಅಳು, ನಿರಾಸೆ ಮದ್ಯದಿಂದಲೇ ಹುಟ್ಟಿದ್ದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತಿಳಿಯಾಗತೊಡಗುತ್ತದೆ. ನಾಲ್ಕು ವಾರ ಕಳೆದರೂ ಹಾಗೇ ಇದ್ದರೆ ಅದು ಬೇರೆಯದೇ ಖಿನ್ನತೆ ಇರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಸಾಯುವ ಯೋಚನೆ ಬಂದರೆ ನಾಲ್ಕು ವಾರ ಕಾಯುವ ಪ್ರಶ್ನೆಯೇ ಇಲ್ಲ, ಅಂದೇ ವೈದ್ಯರನ್ನು ಕಾಣಬೇಕು.

ಮೈ ಒಂದೇ ವೇಗದಲ್ಲಿ ಸುಧಾರಿಸುವುದಿಲ್ಲ ಎನ್ನುವುದನ್ನೂ ಅರಿತಿರಬೇಕು. ಯಕೃತ್ತಿನಲ್ಲಿ ಕೊಬ್ಬು ಮಾತ್ರ ಸೇರಿದ್ದರೆ ಕೆಲವೇ ವಾರಗಳಲ್ಲಿ ಕರಗುತ್ತದೆ. ಗಂಟುಗಟ್ಟಿ ಸಿರೋಸಿಸ್ ಆಗಿದ್ದರೆ ಪೂರ್ತಿ ಹಿಂದಿನಂತಾಗುವುದಿಲ್ಲ, ಆದರೆ ಬಿಟ್ಟವರ ಆಯಸ್ಸು ಬಿಡದವರಿಗಿಂತ ಹೆಚ್ಚು. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಸ್ಥಿತಿ ತಿಳಿಸುವ ಜಿಜಿಟಿ ಎಂಬ ಅಂಕಿ ಒಂದೆರಡು ತಿಂಗಳಲ್ಲಿ ಇಳಿಯುತ್ತದೆ. ಎಂಸಿವಿ, ಅಂದರೆ ಕೆಂಪು ರಕ್ತಕಣಗಳ ಗಾತ್ರ, ಸರಿಹೋಗಲು ಮೂರು ನಾಲ್ಕು ತಿಂಗಳು ಬೇಕು. ಕೆಂಪುಕಣದ ಆಯಸ್ಸು ಸುಮಾರು 120 ದಿನ, ಹಳೆಯ ಕಣಗಳು ಹೋಗಿ ಹೊಸವು ತುಂಬಬೇಕು. ಒಂದು ತಿಂಗಳಿಗೆ ಪರೀಕ್ಷೆ ಮಾಡಿಸಿ ‘ಬಿಟ್ಟರೂ ರಿಪೋರ್ಟ್ ಸರಿಯಾಗಿಲ್ಲ’ ಎಂದು ಕೈಚೆಲ್ಲುವವರು ಇದ್ದಾರೆ. ಅವರು ತಪ್ಪು ಅಂಕಿಯನ್ನು ತಪ್ಪು ದಿನ ನೋಡಿದವರು.

ನಿದ್ದೆ

ಬಿಟ್ಟವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು, ಮತ್ತೆ ಕುಡಿಯಲು ಜನ ಕೊಡುವ ಕಾರಣಗಳಲ್ಲೂ ಇದು ಮುಂದಿದೆ. ಮದ್ಯ ಬೇಗ ನಿದ್ದೆ ಬರಿಸುತ್ತಿತ್ತು ನಿಜ. ಆದರೆ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಅದುಮಿ, ಎರಡನೆಯರ್ಧದಲ್ಲಿ ಪದೇಪದೇ ಎಚ್ಚರ ಮಾಡಿಸುತ್ತಿತ್ತು. ಬಿಟ್ಟ ಮೇಲೆ ಅದುಮಿಟ್ಟ ಕನಸೆಲ್ಲ ನುಗ್ಗಿ ಬರುತ್ತದೆ. ಕುಡಿದ ಹಾಗೆ ಕನಸು ಬಿದ್ದು, ಬೆವರಿ ಎದ್ದು, ನಿಜವಾಗಿ ಕುಡಿದೆನೇನೋ ಎಂದು ಅಳುವಷ್ಟು ಸ್ಪಷ್ಟವಾಗಿರುತ್ತದೆ. ಈ ಕನಸು ಬಹಳ ಜನರಿಗೆ ಬೀಳುತ್ತದೆ. ಅದು ಮನಸ್ಸು ಸಡಿಲವಾದ ಗುರುತಲ್ಲ, ಮತ್ತೆ ಕುಡಿಯುತ್ತೀರಿ ಎಂಬ ಮುನ್ಸೂಚನೆಯೂ ಅಲ್ಲ.

ನಿದ್ದೆ ಹಳಿಗೆ ಬರಲು ಕೆಲವು ತಿಂಗಳು ಹಿಡಿಯಬಹುದು. ಅಷ್ಟರಲ್ಲಿ ಮಾಡುವುದು ಇಷ್ಟು. ಮಲಗುವ ಹೊತ್ತನ್ನು ನಿಮ್ಮಿಂದ ಹಿಡಿತಕ್ಕೆ ತರಲಾಗದು, ಏಳುವ ಹೊತ್ತನ್ನು ತರಬಹುದು. ರಾತ್ರಿ ಎಷ್ಟೇ ಹೊತ್ತಿಗೆ ನಿದ್ದೆ ಹತ್ತಿರಲಿ, ವಾರದ ಏಳೂ ದಿನ ಒಂದೇ ಹೊತ್ತಿಗೆ ಏಳಿ. ಎದ್ದ ಮೇಲೆ ಅರ್ಧ ಗಂಟೆ ಬೆಳಕಿನಲ್ಲಿರಿ. ನಿದ್ದೆ ತೂಗುವವರೆಗೆ ಹಾಸಿಗೆಗೆ ಹೋಗಬೇಡಿ. ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ, ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮರಳಿ ಬನ್ನಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಹಾಸಿಗೆಯೆಂದರೆ ಹೊರಳಾಡುವ ಜಾಗ ಎಂದು ಮೈ ಕಲಿಯದಿರಲಿ ಎಂಬುದೇ ಇದರ ಉದ್ದೇಶ. ಮೊದಲ ವಾರ ಇದು ಇನ್ನಷ್ಟು ದಣಿಸುತ್ತದೆ, ಅಲ್ಲಿಗೇ ಬಿಟ್ಟುಬಿಡುವವರು ಹೆಚ್ಚು. ಎರಡು ಮೂರು ವಾರ ಹಿಡಿದು ಮಾಡಿದವರಿಗೆ ಫಲ ಕಾಣುತ್ತದೆ.

ಕಾಫಿ, ಚಹಾ ಮಧ್ಯಾಹ್ನದ ಊಟಕ್ಕೆ ಮುಗಿಸಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಸಂಜೆ 5ಕ್ಕೆ ಕುಡಿದದ್ದು ರಾತ್ರಿ 10ಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಮದ್ಯ ಬಿಟ್ಟವರು ಅದರ ಜಾಗಕ್ಕೆ ದಿನಕ್ಕೆ ಎಂಟು ಹತ್ತು ಲೋಟ ಕಾಫಿ ತುಂಬಿಕೊಂಡು, ನಿದ್ದೆ ಬರದ್ದಕ್ಕೆ ಮದ್ಯವನ್ನು ನೆನೆಯುವುದು ಬಹಳ ಕಡೆ ಕಾಣುತ್ತದೆ. ನಿದ್ದೆ ಮಾತ್ರೆಯನ್ನು ತಾವೇ ಕೊಂಡು ನುಂಗಲೇಬಾರದು. ಬೆಂಜೊಡಯಾಜೆಪೀನ್ ಗುಂಪಿನ ಮಾತ್ರೆಗಳು ಮದ್ಯ ಮುಟ್ಟುತ್ತಿದ್ದ ಗಾಬಾ ವ್ಯವಸ್ಥೆಯನ್ನೇ ಮುಟ್ಟುತ್ತವೆ, ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಮದ್ಯವಿಲ್ಲದಿದ್ದರೂ ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು, ಹಗಲೆಲ್ಲ ತೂಕಡಿಕೆ ಉಳಿದರೆ ಉಸಿರುಗಟ್ಟುವ ಕಾಯಿಲೆ ಇದೆಯೇ ಎಂದು ಪರೀಕ್ಷೆ ಮಾಡಿಸಿ.

ಸಂಜೆಯ ಸೆಳೆತ

ಕುಡಿಯಬೇಕೆಂಬ ಸೆಳೆತ ಎಲ್ಲ ಹೊತ್ತೂ ಒಂದೇ ಸಮ ಇರುವುದಿಲ್ಲ. ಅದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಇಷ್ಟೂ 15ರಿಂದ 30 ನಿಮಿಷದೊಳಗೆ ಮುಗಿಯುತ್ತದೆ. ಕುಡಿಯುತ್ತಿದ್ದ ದಿನಗಳಲ್ಲಿ ಅದು ಇಳಿಯುವುದನ್ನು ನೋಡುವ ಅವಕಾಶವೇ ಸಿಕ್ಕಿರುವುದಿಲ್ಲ, ಏರುವಾಗಲೇ ಕುಡಿದಾಗಿರುತ್ತದೆ. ಹಾಗಾಗಿ ಕುಡಿಯದಿದ್ದರೆ ಅದು ಏರುತ್ತಲೇ ಹೋಗುತ್ತದೆ ಎಂಬ ಹೆದರಿಕೆ ಒಳಗೆ ಕೂತಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನು ಅಲೆಗೆ ಹೋಲಿಸಿ, ಎದುರಿಸಿ ನಿಲ್ಲುವ ಬದಲು ಅಲೆಯ ಮೇಲೆ ತೇಲಿ ದಾಟುವ ಅಭ್ಯಾಸವನ್ನು ಹೇಳಿಕೊಟ್ಟರು. ಮಾಡುವ ಬಗೆ ಸರಳ. ಕೂತು, ಸೆಳೆತ ಮೈಯಲ್ಲಿ ಎಲ್ಲಿದೆ ಎಂದು ಹುಡುಕಿ: ಗಂಟಲ ಒಣಗು, ಹೊಟ್ಟೆಯ ಬಿಗಿ, ಬೆರಳ ತುದಿಯ ಚಡಪಡಿಕೆ. ಹತ್ತರಲ್ಲಿ ಎಷ್ಟಿದೆ ಎಂದು ಒಂದು ಅಂಕಿ ಬರೆಯಿರಿ. ಉಸಿರು ನೋಡುತ್ತಾ ಇರಿ, ಐದು ನಿಮಿಷಕ್ಕೊಮ್ಮೆ ಮತ್ತೆ ಅಂಕಿ ಬರೆಯಿರಿ. ಎಂಟು, ಒಂಬತ್ತು, ಎಂಟು, ಐದು, ಮೂರು. ನಿಮ್ಮದೇ ಕೈಬರಹದಲ್ಲಿ ನಾಲ್ಕಾರು ಸಲ ಇದನ್ನು ಕಂಡ ಮೇಲೆ ಹೆದರಿಕೆಯ ಬುಡ ಅಲುಗುತ್ತದೆ.

ಕೂತು ನೋಡಲಾಗದಷ್ಟು ಜೋರಾಗಿದ್ದರೆ ಜಾಗ ಬದಲಿಸಿ. ಬೇಗ ಬೇಗ ನಡೆಯಿರಿ, ತಣ್ಣೀರಲ್ಲಿ ಮುಖ ತೊಳೆಯಿರಿ, ಮೊದಲೇ ಗೊತ್ತುಮಾಡಿಕೊಂಡ ಒಬ್ಬರಿಗೆ ಫೋನ್ ಮಾಡಿ. ಆ ಒಬ್ಬರು ಯಾರೆಂದು ಸೆಳೆತ ಬಂದಾಗ ಯೋಚಿಸಲು ಹೊರಟರೆ ತಡವಾಯಿತು. ಮೊದಲೇ ಕೇಳಿಟ್ಟಿರಬೇಕು: ‘ಸಂಜೆ ಹೊತ್ತು ಫೋನ್ ಮಾಡಿದರೆ ಹತ್ತು ನಿಮಿಷ ಮಾತಾಡಿ, ಬುದ್ಧಿ ಹೇಳಬೇಡಿ.’

ಸೆಳೆತ ಏರುವ ಮುಂಚೆ ಮಾಡುವ ಕೆಲಸ ಇನ್ನೂ ಹೆಚ್ಚು ಫಲ ಕೊಡುತ್ತದೆ. ಮೆದುಳು ಹೊತ್ತು, ದಾರಿ, ಗ್ಲಾಸಿನ ಸದ್ದು, ಸಂಬಳದ ದಿನ, ಒಬ್ಬ ಗೆಳೆಯನ ಮುಖ ಎಲ್ಲವನ್ನೂ ಮದ್ಯದ ಜೊತೆ ಗಂಟುಹಾಕಿಕೊಂಡಿದೆ. ಆ ಸುಳಿವು ಕಂಡೊಡನೆ ಮದ್ಯ ಬರಲಿದೆ ಎಂದು ಮೈ ತಯಾರಾಗುತ್ತದೆ. ಆದ್ದರಿಂದ ಮೊದಲ 90 ದಿನ ಸುಳಿವುಗಳನ್ನೇ ಬದಲಿಸಿ. ಮನೆಯಲ್ಲಿ ಬಾಟಲಿ ಮಾತ್ರವಲ್ಲ, ಗ್ಲಾಸು, ಓಪನರ್ ಕೂಡ ಇರಬಾರದು. ಕೆಲಸದಿಂದ ಮರಳುವ ದಾರಿ ಬದಲಾಗಲಿ, ಎರಡು ಕಿಲೋಮೀಟರ್ ಸುತ್ತಾದರೂ ಪರವಾಗಿಲ್ಲ. ಕುಡಿಯುತ್ತಿದ್ದ ಕುರ್ಚಿಯ ಜಾಗ ಬದಲಿಸಿ. ಸಂಜೆ 6ಕ್ಕೆ, ಹಸಿವು ಏರುವ ಮುಂಚೆ, ಸರಿಯಾಗಿ ತಿನ್ನಿ. ಮೊದಲ ತಿಂಗಳು ರಾತ್ರಿಯೂಟವನ್ನೇ ಈ ಹೊತ್ತಿಗೆ ತಂದರೂ ಒಳ್ಳೆಯದು. ಹೊಟ್ಟೆ ತುಂಬಿದಾಗ ಸೆಳೆತದ ಮೊನೆ ಮೊಂಡಾಗುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಾದರೂ ಎರಡು ಒಟ್ಟಿಗೆ ಬಂದ ಸಂಜೆ ಹೆಚ್ಚು ಜಾಗ್ರತೆ ಬೇಕು.

ಏಳು ಗಂಟೆಯ ಹೊತ್ತಿಗೆ ಬೇಕಾದದ್ದು ಮೈ ಕೈ ತೊಡಗಿಸುವ, ಇನ್ನೊಬ್ಬರು ಕಾಯುತ್ತಿರುವ, ಶುರುವಾಗುವ ಹೊತ್ತು ನಿಗದಿಯಾಗಿರುವ ಕೆಲಸ. ಮೂರೂ ಇದ್ದರೆ ಚೆನ್ನ. ‘ಓದುತ್ತೇನೆ’ ಎಂಬ ಯೋಜನೆ ಸೋಲುತ್ತದೆ, ಏಕೆಂದರೆ ಓದದಿದ್ದರೆ ಕೇಳುವವರಿಲ್ಲ, ಗಮನವೂ ಈ ದಿನಗಳಲ್ಲಿ ನಿಲ್ಲುವುದಿಲ್ಲ. ಮಗುವನ್ನು ದಿನವೂ 7ಕ್ಕೆ ಆಟಕ್ಕೆ ಕರೆದೊಯ್ಯುವುದು ಉಳಿದುಕೊಳ್ಳುತ್ತದೆ. 1935ರಲ್ಲಿ ಅಮೆರಿಕದ ಓಹಾಯೋದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್, ಬಾಬ್ ಸ್ಮಿತ್ ಎಂಬಿಬ್ಬರು ಶುರುಮಾಡಿದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಲ್ಲಿ ಹೊಸಬರಿಗೆ 90 ದಿನದಲ್ಲಿ 90 ಸಭೆಗೆ ಬನ್ನಿ ಎನ್ನುವ ರೂಢಿಯಿದೆ. ಅದರ ಆಧ್ಯಾತ್ಮಿಕ ಮಾತು ಎಲ್ಲರಿಗೂ ಒಗ್ಗದಿರಬಹುದು. ಆದರೆ ಸಂಜೆಯ ಒಂದು ಗಂಟೆ ತುಂಬುತ್ತದೆ, ಬರದಿದ್ದರೆ ವಿಚಾರಿಸುವವರಿರುತ್ತಾರೆ, ಹೇಳಿಕೊಳ್ಳಲು ನಾಚಿಕೆಪಡಬೇಕಿಲ್ಲದ ಜನ ಸಿಗುತ್ತಾರೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಅಧ್ಯಯನಗಳ ಪರಿಶೀಲನೆಯಲ್ಲೂ, ಜನರನ್ನು ಈ ಕೂಟಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ, ನಿರಂತರವಾಗಿ ಕುಡಿಯದೆ ಇರುವ ಮಟ್ಟಿಗೆ, ಬೇರೆ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಜನರಿಗೆ ನೆರವಾಗಿದ್ದು ಕಂಡುಬಂತು.

ಒಂದು ಎಚ್ಚರ. ಕುಡಿಯದೆ ಕಳೆದ ಪ್ರತಿ ಸಂಜೆಯೂ ಮೆದುಳಿಗೆ ಹೊಸ ಪಾಠ. ಆದರೆ ಹೊಸ ಪಾಠ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೆ ಕೂರುತ್ತದೆ ಅಷ್ಟೆ. ಅದೂ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಮನೆಯಲ್ಲಿ ಆರು ತಿಂಗಳು ಸೆಳೆತವೇ ಇಲ್ಲದವರಿಗೆ ಪ್ರಯಾಣದಲ್ಲಿ, ಹೋಟೆಲ್ ಕೋಣೆಯಲ್ಲಿ, ಹಳೆಯ ಸಹಪಾಠಿಗಳ ನಡುವೆ ಅದು ಒಮ್ಮೆಲೇ ಮೊದಲ ದಿನದಷ್ಟೇ ಜೋರಾಗಿ ಬರುವುದು ಇದರಿಂದ. ಊರು ಬಿಡುವ ಮುಂಚೆ ಅಲ್ಲಿನ ಸಂಜೆಗಳಿಗೂ ಏರ್ಪಾಡು ಮಾಡಿಕೊಂಡಿರಬೇಕು.

ಊಟ, ಸಿಹಿ, ಮಾತ್ರೆ

ಮದ್ಯಸಾರದ ಒಂದು ಗ್ರಾಂನಲ್ಲಿ 7 ಕ್ಯಾಲರಿ ಇದೆ. ದಿನಕ್ಕೆ 60 ಗ್ರಾಂ ಮದ್ಯಸಾರ ಒಳಗಿಳಿಸುತ್ತಿದ್ದವರಿಗೆ ಅಲ್ಲಿಂದಲೇ 420 ಕ್ಯಾಲರಿ ಬರುತ್ತಿತ್ತು, ಪೋಷಣೆ ಮಾತ್ರ ಸೊನ್ನೆ. ಅದು ನಿಂತಾಗ ಸಿಹಿಯ ಆಸೆ ಕೆರಳುವುದು ಸಹಜ. ಮೊದಲ ತಿಂಗಳು ಸಿಹಿಗೆ ಹೆಚ್ಚು ಕಡಿವಾಣ ಹಾಕಬೇಡಿ ಎನ್ನುವುದು ನಮ್ಮ ಸಲಹೆ, ಒಂದೇ ಸಲ ಎರಡು ಕಡೆ ಹೋರಾಡುವುದು ಬೇಡ. ಸಕ್ಕರೆ ಕಾಯಿಲೆ ಇರುವವರಿಗೆ ಈ ರಿಯಾಯಿತಿ ಇಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಕಾಳು, ಮೊಟ್ಟೆ, ಹಾಲಿನಂಥ ಪ್ರೋಟೀನ್ ಸೇರಿದ ಆಹಾರ ತಿಂದರೆ ಸಿಹಿಯ ಆಸೆ ತಾನಾಗಿ ತಗ್ಗುತ್ತದೆ.

ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಔಷಧಿಗಳನ್ನು ಮತ್ತೆ ತೋರಿಸುವುದನ್ನು ಬಹಳ ಜನ ಮರೆಯುತ್ತಾರೆ. ಮದ್ಯ ನಿಂತರೆ ರಕ್ತದೊತ್ತಡ ಕೆಲವು ವಾರಗಳಲ್ಲಿ ಇಳಿಯಬಹುದು. ಹಳೆಯ ಪ್ರಮಾಣದಲ್ಲೇ ಬಿಪಿ ಮಾತ್ರೆ ನುಂಗುತ್ತಿದ್ದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು. ಇನ್ಸುಲಿನ್ ಪ್ರಮಾಣವನ್ನೂ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬ) ಅಂಕಿಯನ್ನೂ ಮತ್ತೆ ನೋಡಿಸಬೇಕು.

ಸೆಳೆತಕ್ಕೇ ಮೀಸಲಾದ ಔಷಧಿಗಳಿವೆ, ಅವನ್ನು ಕೇಳಿ ಪಡೆಯಲು ಸಂಕೋಚ ಬೇಡ. ನಾಲ್ಟ್ರೆಕ್ಸೋನ್ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಕುಡಿತ ಕೊಡುವ ಖುಷಿಯನ್ನೇ ಮಂಕಾಗಿಸುತ್ತದೆ. ಇದರ ಜೊತೆ ಟ್ರಮಡಾಲ್, ಕೊಡೀನ್‌ನಂಥ ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ, ನೋವು ಮಾತ್ರೆ ಕೂಡದು. ಅಪಘಾತವಾದರೆ ವೈದ್ಯರಿಗೆ ತಿಳಿಯುವಂತೆ ಜೇಬಿನಲ್ಲಿ ಚೀಟಿ ಇರಲಿ. ಅಕಾಂಪ್ರೊಸೇಟ್ 333 ಮಿಲಿಗ್ರಾಂನ ಎರಡೆರಡು ಮಾತ್ರೆ, ದಿನಕ್ಕೆ ಮೂರು ಸಲ. ಇದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಯಕೃತ್ತು ಸೊರಗಿದವರಿಗೆ ಅನುಕೂಲ, ಮೂತ್ರಪಿಂಡ ಸೊರಗಿದವರಿಗೆ ಅಲ್ಲ. ದಿನಕ್ಕೆ ಮೂರು ಸಲ ನೆನಪಿಟ್ಟು ನುಂಗುವುದೇ ಇದರ ದೊಡ್ಡ ತೊಡಕು.

ಡೈಸಲ್ಫಿರಾಂ ಬೇರೆ ಜಾತಿಯದು. ಇದು ಸೆಳೆತ ತಗ್ಗಿಸುವುದಿಲ್ಲ. ಮದ್ಯ ಒಡೆದು ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮುಂದೆ ಕರಗದಂತೆ ತಡೆಯುತ್ತದೆ. ಆಗ ಕುಡಿದರೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಕೊನೆಯ ಪೆಗ್‌ನಿಂದ ಕನಿಷ್ಠ 12 ಗಂಟೆ ಕಳೆಯದೆ ಶುರುಮಾಡಬಾರದು. ನಿಲ್ಲಿಸಿದ ಮೇಲೂ 14 ದಿನದವರೆಗೆ ಪರಿಣಾಮ ಇರಬಹುದು. ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರವದಲ್ಲಿರುವ ಮದ್ಯಸಾರವೂ ಸಾಕಾಗಬಹುದು, ಚೀಟಿ ಓದಿ ಕೊಳ್ಳಿ. ಹೃದ್ರೋಗವಿರುವವರಿಗೆ ಇದು ಆಗದು, ಯಕೃತ್ತಿನ ಪರೀಕ್ಷೆ ಆಗಾಗ ಬೇಕು. ಮನೆಯವರು ಇದನ್ನು ಊಟದಲ್ಲಿ ಗುಟ್ಟಾಗಿ ಬೆರೆಸುವುದಂತೂ ಪ್ರಾಣಕ್ಕೇ ಎರವಾಗುವ ಕೆಲಸ. ಒಳಗೆ ಮಾತ್ರೆಯಿದೆ ಎಂದು ತಿಳಿಯದವರು ಎಂದಿನಷ್ಟೇ ಕುಡಿಯುತ್ತಾರೆ. ತಿಳಿದು, ಒಪ್ಪಿ, ಮನೆಯವರೊಬ್ಬರ ಎದುರು ದಿನವೂ ನುಂಗುವವರಿಗೆ ಮಾತ್ರ ಇದು ನೆರವಾಗುತ್ತದೆ.

ಮನೆ

ಯಕೃತ್ತು ಸುಧಾರಿಸುವ ವೇಗದಲ್ಲಿ ನಂಬಿಕೆ ಸುಧಾರಿಸುವುದಿಲ್ಲ. ಇದಕ್ಕೊಂದು ಕಾರಣ ಹೊರಗಿನವರಿಗೆ ಕಾಣುವುದಿಲ್ಲ. ವಿಪರೀತ ಕುಡಿದಾಗ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ನಡೆದದ್ದನ್ನು ನೆನಪಾಗಿ ದಾಖಲಿಸುವುದೇ ಇಲ್ಲ. ಮನೆಯವರು ಹತ್ತು ವರ್ಷದಿಂದ ಹೊತ್ತು ತಿರುಗುತ್ತಿರುವ ರಾತ್ರಿ ಕುಡಿದವರ ತಲೆಯಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಮನೆಯವರು ‘ಎಷ್ಟು ಸಲ ಅದನ್ನೇ ಹೇಳಲಿ’ ಎಂದರೆ ಕುಡಿದವರಿಗೆ ಅದು ಮೊದಲ ಸಲ ಕೇಳಿದಂತೆ. ನೆನಪಿಲ್ಲ ಎಂದು ವಾದಿಸಬೇಡಿ. ‘ನನಗೆ ನೆನಪಿಲ್ಲ, ನೀನು ಹೇಳು, ಕೇಳುತ್ತೇನೆ’ ಎಂದರೆ ಮಾತು ಮುಂದೆ ಹೋಗುತ್ತದೆ.

ದೊಡ್ಡ ಭಾಷೆ ಕೊಡುವುದಕ್ಕಿಂತ ಗಡಿಯಾರಕ್ಕೆ ಕಟ್ಟಿದ ಸಣ್ಣ ಮಾತು ಉಳಿಸಿಕೊಳ್ಳುವುದು ಮೇಲು. ಎಂಟಕ್ಕೆ ಬರುತ್ತೇನೆ ಎಂದರೆ ಎಂಟಕ್ಕೆ ಬನ್ನಿ, ಹತ್ತು ನಿಮಿಷ ತಡವಾಗುವುದಾದರೆ ಏಳೂಐವತ್ತಕ್ಕೇ ಫೋನ್ ಮಾಡಿ. ಮನೆಯವರ ಅನುಮಾನ ಅವಮಾನವೆನಿಸುತ್ತದೆ. ಬಾಯಿ ಮೂಸಿ ನೋಡುವುದು, ಬ್ಯಾಗು ತಡಕುವುದು ಇಬ್ಬರನ್ನೂ ಕುಗ್ಗಿಸುತ್ತದೆ. ಬೇಕೆನಿಸಿದರೆ ಉಸಿರು ಪರೀಕ್ಷೆಯ ಸಣ್ಣ ಯಂತ್ರ ತಂದು, ದಿನದ ಒಂದು ಹೊತ್ತಿಗೆ ಇಬ್ಬರೂ ಒಪ್ಪಿ ಊದುವುದು, ಉಳಿದ ಹೊತ್ತು ಕೇಳದಿರುವುದು ಎಂದು ಮಾಡಿಕೊಳ್ಳಬಹುದು. ಹಣದ ಲೆಕ್ಕ, ಮಕ್ಕಳ ಶಾಲೆ, ಮನೆಯ ತೀರ್ಮಾನಗಳನ್ನು ಇಷ್ಟು ದಿನ ಇನ್ನೊಬ್ಬರು ಹೊತ್ತಿರುತ್ತಾರೆ. ಬಿಟ್ಟ ಮರುವಾರವೇ ಎಲ್ಲ ನನ್ನ ಕೈಗೆ ಕೊಡಿ ಎಂದರೆ ಜಗಳ ಖಂಡಿತ. ತಿಂಗಳಿಗೊಂದು ಜವಾಬ್ದಾರಿ ಎಂದು ಮರಳಿ ಪಡೆಯಿರಿ.

ಮನೆಯವರಿಗೂ ಆಸರೆ ಬೇಕು. ಕುಡಿಯುವವರ ಕುಟುಂಬದವರಿಗಾಗಿಯೇ 1951ರಲ್ಲಿ ಶುರುವಾದ ಅಲ್-ಅನಾನ್ ಕೂಟಗಳು ಹಲವು ದೇಶಗಳಲ್ಲಿ ನಡೆಯುತ್ತವೆ. ವರ್ಷಗಳ ಕಾಲ ಬಾಗಿಲ ಸದ್ದಿಗೆ ಕಿವಿಗೊಟ್ಟು ಎಚ್ಚರವಿದ್ದವರ ಮೈ ಕೂಡ ಸಡಿಲಗೊಳ್ಳಲು ತಿಂಗಳುಗಳೇ ಬೇಕು.

ನಾಲ್ಕು ಜನರ ನಡುವೆ

ಬೇಡ ಎನ್ನುವ ವಾಕ್ಯ ಚಿಕ್ಕದಾಗಿರಲಿ. ‘ಬೇಡ, ಬಿಟ್ಟಿದ್ದೇನೆ.’ ಕಾರಣ ಕೊಟ್ಟರೆ ಎದುರಿನವರಿಗೆ ವಾದಕ್ಕೆ ಹಿಡಿ ಕೊಟ್ಟಂತೆ. ಆಂಟಿಬಯೊಟಿಕ್ ತೆಗೆದುಕೊಳ್ಳುತ್ತಿದ್ದೇನೆ ಎಂದರೆ ಮುಂದಿನ ವಾರ ಮತ್ತೆ ಕರೆಯುತ್ತಾರೆ. ಮೂರನೆಯ ಸಲವೂ ಒತ್ತಾಯಿಸಿದರೆ ಅಲ್ಲಿಂದ ಏಳಿ, ವಿವರಿಸುತ್ತಾ ನಿಲ್ಲಬೇಡಿ. ಮೊದಲ ಮೂರು ತಿಂಗಳು ಮದ್ಯವೇ ಮುಖ್ಯವಾದ ಕೂಟಗಳಿಗೆ ಹೋಗದಿರುವುದು ಮೇಲು. ತಪ್ಪಿಸಲಾಗದಿದ್ದರೆ ಹೊಟ್ಟೆ ತುಂಬಿಸಿಕೊಂಡು ಹೋಗಿ, ಮರಳುವ ವಾಹನ ನಿಮ್ಮ ಕೈಯಲ್ಲಿರಲಿ, ಒಳಗೆ ಹೋದ ಕೂಡಲೇ ಕೈಯಲ್ಲೊಂದು ಲೋಟ ಹಿಡಿದುಕೊಳ್ಳಿ, ಜನರ ದನಿ ಏರುವ ಮುಂಚೆ ಹೊರಡಿ. ಕೆಳಗಿಟ್ಟು ಹೋದ ಲೋಟವನ್ನು ಮರಳಿ ಬಂದು ಕುಡಿಯಬೇಡಿ, ಬೇರೆಯದು ತೆಗೆದುಕೊಳ್ಳಿ.

ಮದ್ಯರಹಿತ ಬಿಯರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅಂಥ ಹಲವು ಬಾಟಲಿಗಳಲ್ಲಿ ಶೇ. 0.5ರವರೆಗೆ ಮದ್ಯಸಾರ ಇರಬಹುದು. ಆದರೆ ತೊಂದರೆ ಆ ಪ್ರಮಾಣಕ್ಕಿಂತ ಅದರ ವಾಸನೆ, ನೊರೆ, ಕಹಿಯಿಂದ ಬರುತ್ತದೆ. ಅವೆಲ್ಲ ಹಳೆಯ ಸುಳಿವುಗಳೇ. ಕನಿಷ್ಠ ಮೊದಲ ವರ್ಷ ಬೇಡ.

ಎಡವಿದರೆ

ಅಪಾಯ ಕೆಟ್ಟ ದಿನಗಳಲ್ಲೇ ಬರಬೇಕೆಂದಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಮುಖದಲ್ಲಿ ಕಳೆ ಬಂದು, ನಿದ್ದೆ ಒಂದಿಷ್ಟು ಹತ್ತಿ, ಕೆಲಸ ಸರಾಗವಾದಾಗ ‘ಈಗ ನನ್ನ ಹಿಡಿತದಲ್ಲಿದೆ, ಒಂದೇ ಒಂದು’ ಎಂಬ ಯೋಚನೆ ಬರುತ್ತದೆ. ಚಟವಾಗಿದ್ದವರಿಗೆ ಅಳತೆಯಲ್ಲಿ ಕುಡಿಯುವುದು ಬಿಡುವುದಕ್ಕಿಂತ ಕಷ್ಟ. ದಿನವೂ ಲೆಕ್ಕ, ದಿನವೂ ಚೌಕಾಸಿ.

ಒಂದು ಸಲ ಕುಡಿದದ್ದು ಮತ್ತು ಹಳೆಯ ಕುಡಿತಕ್ಕೆ ಮರಳಿದ್ದು ಎರಡೂ ಒಂದೇ ಅಲ್ಲ. ಮೊದಲನೆಯದನ್ನು ಎರಡನೆಯದನ್ನಾಗಿ ಮಾಡುವುದು ‘ಎಲ್ಲ ಹಾಳಾಯಿತು, ಇನ್ನು ಬಾಟಲಿ ಮುಗಿಸಿದರೇನು’ ಎಂಬ ನಾಚಿಕೆ. ಮಾರ್ಲಾಟ್ 1985ರಲ್ಲಿ ಜೂಡಿತ್ ಗಾರ್ಡನ್ ಅವರೊಡನೆ ಈ ನಾಚಿಕೆಯ ಸುಳಿಯನ್ನು ವಿವರಿಸಿದರು. ಅದು ತಿರುಗತೊಡಗುವ ಮುಂಚೆ ಉಳಿದದ್ದನ್ನು ಚೆಲ್ಲಿ, ಅದೇ ರಾತ್ರಿ ಗೊತ್ತುಮಾಡಿಕೊಂಡ ಆ ಒಬ್ಬರಿಗೆ ಹೇಳಿಬಿಡಿ. ಇಲ್ಲಿ ಮೈಯ ಅಪಾಯವೂ ಇದೆ. ಬಿಟ್ಟ ತಿಂಗಳುಗಳಲ್ಲಿ ತಾಳುವ ಶಕ್ತಿ ಇಳಿದಿರುತ್ತದೆ, ಹಳೆಯ ಅಳತೆ ಕುಡಿದರೆ ಉಸಿರೇ ಕಟ್ಟಬಹುದು. ಒಂದು ಸಂಜೆಯಷ್ಟೇ ಕುಡಿದಿದ್ದರೆ ಮರುದಿನ ನಿಲ್ಲಿಸಬಹುದು. ದಿನಗಟ್ಟಲೆ ಜೋರಾಗಿ ಕುಡಿದು ಕೈ ನಡುಗತೊಡಗಿದ್ದರೆ ಮತ್ತೆ ಆಸ್ಪತ್ರೆಯೇ ದಾರಿ. ಪದೇಪದೇ ಬಿಟ್ಟು ಹಿಡಿದವರಲ್ಲಿ ಪ್ರತಿ ಸಲದ ನಡುಕ, ಫಿಟ್ಸ್ ಹಿಂದಿನದಕ್ಕಿಂತ ಜೋರಾಗುವ ಸಾಧ್ಯತೆ ಹೆಚ್ಚು.

ತಲೆ ತಿಳಿಯಾದ ಮೇಲೆ ಹಾಳೆ ಹಿಡಿದು ಹಿಂದಿನ 48 ಗಂಟೆಯನ್ನು ಗಂಟೆಗಂಟೆಯಾಗಿ ಬರೆಯಿರಿ. ಯಾವಾಗ ತಿಂದದ್ದು, ಎಷ್ಟು ಮಲಗಿದ್ದು, ಯಾರು ಏನಂದರು, ಕೈಗೆ ಹಣ ಬಂದದ್ದು ಯಾವಾಗ, ಯಾವ ದಾರಿಯಲ್ಲಿ ಬಂದದ್ದು. ಮೊದಲ ಗುಟುಕಿಗೆ ಬಹಳ ಮುಂಚೆಯೇ, ಮಧ್ಯಾಹ್ನ ಊಟ ಬಿಟ್ಟದ್ದೋ ಹಳೆಯ ದಾರಿಗೆ ತಿರುಗಿದ್ದೋ ಅಲ್ಲಿ ಸಿಗುತ್ತದೆ. ಆ ಒಂದು ಸಾಲನ್ನು ಮೊದಲ ದಿನದ ಹಾಳೆಯ ಎಡಗಡೆಗೆ ಸೇರಿಸಿ, ಬಲಗಡೆ ಅದಕ್ಕೊಂದು ಬದಲಿ ಬರೆಯಿರಿ. ಅಂದು ಸಂಜೆ 6ಕ್ಕೆ ಊಟ, 7ಕ್ಕೆ ಯಾರಾದರೂ ಕಾಯುತ್ತಿರುವ ಕಡೆ, ಬೆಳಿಗ್ಗೆ ಏಳುವುದು ಎಂದಿನ ಹೊತ್ತಿಗೇ.